ಅಳಿಯಂದ್ರು ಕಟ್ಟಿದ ಟಾರ್ಪಾಲು

ಟಾರ್ಪಾಲಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಚನ್ನಪಟ್ಟಣದಲ್ಲಿ ಹದಿನೆಂಟು ವರ್ಷಗಳಿಂದ ಹಗ್ಗ, ಪೈಪು, ಟಾರ್ಪಾಲು ಮಾರಿಕೊಂಡು ಬಂದವನು ನಾನು. ಗಿರಾಕಿಗೆ ಟಾರ್ಪಾಲು ಕೊಡುವ ಮುಂಚೆ ಕಾಲು ಗಂಟೆ ಉಪದೇಶ ಕೊಡುವುದು ನನ್ನ ಅಂಗಡಿಯ ಪದ್ಧತಿ. ರಾಗಿ ಒಕ್ಕಣೆಗೆ ಯಾವುದು, ಮಾವಿನಕಾಯಿ ಲೋಡಿಗೆ ಯಾವುದು, ಕೃಷಿಹೊಂಡಕ್ಕೆ ಯಾವುದು, ತಿಥಿ ಊಟಕ್ಕೆ ಯಾವುದು, ಎಲ್ಲವೂ ಕಂಠಪಾಠ. "ಹುಟ್ಟಿದಾಗ ನಾಮಕರಣದ ಚಪ್ಪರಕ್ಕೊಂದು, ಹೋದಾಗ ತಿಥಿ ಚಪ್ಪರಕ್ಕೊಂದು, ಮಧ್ಯೆ ಸೋರೋ ಸೂರಿಗೊಂದು. ಮನುಷ್ಯನ ಜೀವನಕ್ಕೆ ಮೂರು ಟಾರ್ಪಾಲು ಸಾಕು ಸ್ವಾಮಿ!" ಎಂದು ನಾನು ಹೇಳಿದರೆ ಎಂಥವರೂ ತಲೆಯಾಡಿಸುತ್ತಾರೆ.

ಒಂದೇ ಒಂದು ಸಣ್ಣ ಸಂಗತಿಯನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಈ ಹದಿನೆಂಟು ವರ್ಷಗಳಲ್ಲಿ ನಾನು ಒಂದೇ ಒಂದು ಟಾರ್ಪಾಲನ್ನೂ ಕಟ್ಟಿರಲಿಲ್ಲ! ಮಾರುವುದು ನನ್ನ ಕೆಲಸ, ಕಟ್ಟುವುದು ಅವರ ಕರ್ಮ ಎಂದು ಇದ್ದುಬಿಟ್ಟಿದ್ದೆ.

ಹೋದ ವರ್ಷ ಅಂಗಡಿಗೆ ಸುಣ್ಣಬಣ್ಣ ಮಾಡಿಸಿದಾಗ ಒಂದು ದೊಡ್ಡ ಫ್ಲೆಕ್ಸನ್ನೂ ಹಾಕಿಸಿದ್ದೆ. ಅದರಲ್ಲಿ ನಾನು ಬಿಳಿ ಅಂಗಿ ತೊಟ್ಟು, ಕೈಮುಗಿದು, ಮೂವತ್ತೆರಡು ಹಲ್ಲೂ ಕಾಣುವಂತೆ ನಗುತ್ತಿದ್ದೆ. ಕೆಳಗೆ ದಪ್ಪಕ್ಷರದಲ್ಲಿ ‘ಬಿಸಿಲಿಗೂ ನಾವೇ! ಮಳೆಗೂ ನಾವೇ!’ ಎಂದು ಬರೆದಿತ್ತು. ಮೂರು ತಿಂಗಳ ನಂತರ ಅದನ್ನು ಇಳಿಸಿದಾಗ ನನ್ನ ಬಾಮೈದ ಪುಟ್ಟರಾಜು ಅಲ್ಲೇ ಇದ್ದ. "ಭಾವ, ಇದ ನಮಗೆ ಕೊಟ್ಬುಡಿ, ಮನೇಲಿ ಇರ್ಲಿ" ಎಂದು ಸುರುಳಿ ಸುತ್ತಿಕೊಂಡು ಹೋದ. ಹೆಂಡತಿಯ ತವರಿನಲ್ಲಿ ನನ್ನ ಫೋಟೋಗೆ ಇಷ್ಟು ಬೆಲೆಯೇ ಎಂದು ಅವತ್ತು ನನ್ನ ಕಣ್ಣು ಒದ್ದೆಯಾಗಿತ್ತು.

ಪುಟ್ಟರಾಜು ಇರುವುದು ಕೋಡಿಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ. ಅವನೂ ಅವನ ಹೆಂಡತಿ ಸಾವಿತ್ರಿಯೂ ರೇಷ್ಮೆಹುಳ ಸಾಕುತ್ತಾರೆ. ಹೆಸರಿಗೆ ಇಬ್ಬರು, ಹುಳದ ಮನೆಯ ಪೂರ್ತಿ ಜವಾಬ್ದಾರಿ ಸಾವಿತ್ರಿಯದೇ. ಹಿಂದಿನ ಎರಡು ಬೆಳೆ ಕೈಕೊಟ್ಟಿದ್ದವು. ಒಂದಕ್ಕೆ ರೋಗ, ಇನ್ನೊಂದಕ್ಕೆ ಯಾರದೋ ತೋಟದ ಔಷಧಿ ತಗುಲಿದ ಸೊಪ್ಪು. "ಇದೂ ಹೋದ್ರೆ ಹುಳ ಬುಟ್ಟು ಗಾರ್ಮೆಂಟ್ಸ್ ಬಸ್ ಹತ್ತೀನಿ" ಎಂದು ಅವಳು ನನ್ನ ಹೆಂಡತಿ ಜಯಳ ಹತ್ತಿರ ಫೋನಿನಲ್ಲಿ ಅತ್ತಿದ್ದಳಂತೆ. ಹೀಗಾಗಿ ಈ ಬೆಳೆಯನ್ನು ಅವಳು ಹಸುಗೂಸಿನ ಹಾಗೆ ಕಾಪಾಡಿಕೊಂಡು ಬಂದಿದ್ದಳು.

ಮೇ ತಿಂಗಳ ಒಂದು ಸಂಜೆ ಪುಟ್ಟರಾಜುವಿನ ಫೋನ್ ಬಂತು.

"ಭಾವ, ಹುಳ ಹಣ್ಣಾಗ್ತಾ ಅವೆ. ನಾಳೆ ಎಲ್ಲಾನೂ ಚಂದ್ರಿಕೆಗೆ ಬುಡ್ಬೇಕು. ಅಂಗಳದ ಚಪ್ಪರ ಮೊನ್ನೆ ಗಾಳಿಗೆ ಬಿದ್ದೋಯ್ತು. ಒಂದು ಟಾರ್ಪಾಲು ಬಸ್ಸಿಗೆ ಹಾಕ್ಬುಡಿ, ಕೋಡಿಹಳ್ಳೀಲಿ ಇಳಿಸ್ಕೊತೀನಿ."

ಹುಳ ಸಾಕದವರಿಗೆ ಒಂದು ಮಾತು ಹೇಳಬೇಕು. ತಿಂದು ತಿಂದು ಮಾಗಿದ ಹುಳವನ್ನು ಚಂದ್ರಿಕೆ ಎಂಬ ಬಿದಿರಿನ ತಟ್ಟಿಯ ಮೇಲೆ ಬಿಡುತ್ತಾರೆ. ಅದರ ಸುರುಳಿಯಲ್ಲಿ ಕೂತು ಹುಳ ಗೂಡು ಕಟ್ಟುತ್ತದೆ. ಆ ಎರಡು ಮೂರು ದಿನ ಚಂದ್ರಿಕೆಗೆ ನೆರಳು ಬೇಕು, ಗಾಳಿ ಬೇಕು, ಒಂದು ಹನಿ ನೀರೂ ತಾಕಬಾರದು. ನೆನೆದರೆ ಇಪ್ಪತ್ತೈದು ದಿನದ ದುಡಿಮೆ ನೀರುಪಾಲು.

"ಬಸ್ಸಿಗೆ ಯಾಕಪ್ಪಾ? ನಾನೇ ಬಂದು ಕಟ್ಟಿ ಕೊಡ್ತೀನಿ!" ಎಂದೆ.

"ಅಷ್ಟು ದೂರ ನೀವ್ಯಾಕ್ ಭಾವ... ಅಂಗ್ಡಿ ಬುಟ್ಟು..." ಎಂದ. ಎಂಥ ಸಂಕೋಚದ ಹುಡುಗ ಎಂದುಕೊಂಡೆ.

ಬೆಳಿಗ್ಗೆ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ, ಎಲ್ಲಕ್ಕಿಂತ ದಪ್ಪ ನೀಲಿ ಟಾರ್ಪಾಲನ್ನು ಸ್ಕೂಟರಿನ ಮೇಲೆ ಹೇರಿದೆ. ಜಯ ಹಿಂದೆ, ಟಾರ್ಪಾಲು ಮಧ್ಯೆ, ನಾನು ಮುಂದೆ. ಹ್ಯಾಂಡಲ್ಲಿಗೂ ನನ್ನ ಎದೆಗೂ ಮಧ್ಯೆ ಗಾಳಿ ಹೋಗಲೂ ಜಾಗವಿರಲಿಲ್ಲ.

"ರೀ, ಅಳತೆ ಕೇಳಿದ್ರಾ?" ಎಂದಳು ಜಯ.

"ಟಾರ್ಪಾಲು ಯಾವತ್ತೂ ದೊಡ್ಡದಿರಬೇಕು ಕಣೇ. ಮಡಿಸಬಹುದು, ಹಿಗ್ಗಿಸೋಕಾಗಲ್ಲ" ಎಂದೆ. ಇದೂ ನನ್ನ ಉಪದೇಶಗಳಲ್ಲೊಂದು. ಕಬ್ಬಾಳಿನ ಬೆಟ್ಟ ಕಂಡಾಗ ಒಂದು ಕೈ ಬಿಟ್ಟು ಅಮ್ಮನಿಗೆ ನಮಸ್ಕಾರ ಹಾಕಿದೆ. ಜಯ ಎರಡೂ ಕೈ ಎತ್ತಿ, ಬಹಳ ಹೊತ್ತು ಬೇಡಿಕೊಂಡಳು.

ಮನೆಗೆ ಹೋದ ಕೂಡಲೇ ಮೊದಲು ನಡುಮನೆಯ ಗೋಡೆ ನೋಡಿದೆ. ನನ್ನ ಫ್ಲೆಕ್ಸ್ ಇರಲಿಲ್ಲ!

"ಅತ್ತೇ, ನನ್ನ ಫೋಟೋ ಎಲ್ಲಿ?"

ಅತ್ತೆ ಸೆರಗು ಸರಿಮಾಡಿಕೊಂಡರು. "ಉಷಾರಾಗಿ ಮಡಗಿವಿ ಅಳಿಯಂದ್ರೆ. ಧೂಳಾಯ್ತದೆ ಅಂತ. ಪುಟ್ರಾಜಾ, ಅಳಿಯಂದ್ರು ಬಂದವ್ರೆ, ಕೋಳಿ ಹಿಡಿಯೋ!"

ನಮ್ಮ ಕಡೆ ಅಳಿಯ ಬಂದನೆಂದರೆ ಅದೊಂದು ಹಬ್ಬ. ಮನೆಯಲ್ಲಿ ಏನೇ ಇರಲಿ, ಕೋಳಿ ಬೀಳಲೇಬೇಕು, ಮುದ್ದೆ ಬೇಯಲೇಬೇಕು. ಅವತ್ತು ಆ ಮನೆಯಲ್ಲಿ ಲೆಕ್ಕವಿಲ್ಲದಷ್ಟು ಹುಳ ಹಣ್ಣಾಗಿ, ಒಂದೊಂದನ್ನೇ ಆರಿಸಿ ಚಂದ್ರಿಕೆಗೆ ಬಿಡಬೇಕಾಗಿತ್ತು. ಇದ್ದ ಎಂಟು ಕೈಯಲ್ಲಿ ಎರಡು ಕೋಳಿಯ ಹಿಂದೆ ಓಡಿದವು. ಒಗ್ಗರಣೆ ಹೊಗೆ ಹುಳಕ್ಕೆ ಆಗುವುದಿಲ್ಲವೆಂದು ಇನ್ನೆರಡು ಕೈ ಪಕ್ಕದ ಮನೆಗೆ ಹೋಗಿ ಸಾರು ಕುದಿಸಿದವು. ನಾನು ಸಹಾಯಕ್ಕೆ ಬಂದ ಮೊದಲ ಹತ್ತು ನಿಮಿಷದಲ್ಲೇ ಮನೆಯ ಅರ್ಧ ಬಲ ಕಳೆದಿದ್ದೆ.

ಅಂಗಳದಲ್ಲಿ ಹಳೆಯ ಚಪ್ಪರದ ಕಲ್ಲುಕಂಬಗಳು ಮೂರಿದ್ದವು, ನಾಲ್ಕನೆಯದು ಬಿದ್ದಿತ್ತು. ಅದಿದ್ದ ಜಾಗದ ಪಕ್ಕದಲ್ಲೇ ಒಂದು ಭರ್ಜರಿ ಮಾವಿನ ಮರ.

"ಕಂಬ ಯಾಕೆ? ದೇವರೇ ನೆಟ್ಟಿರೋ ಕಂಬ ಇಲ್ಲೈತಲ್ಲ!" ಎಂದು ಟಾರ್ಪಾಲಿನ ಮೂರು ಮೂಲೆ ಕಂಬಗಳಿಗೆ ಕಟ್ಟಿಸಿ, ನಾಲ್ಕನೆಯ ಮೂಲೆಯ ಹಗ್ಗ ಹಿಡಿದು ಮರ ಹತ್ತಿದೆ.

ಕೆಳಗಿನಿಂದ ಸಾವಿತ್ರಿ ಮೆಲ್ಲಗೆ, "ಅಣ್ಣಾ, ಆ ಮರ..." ಎಂದಳು.

"ಗಟ್ಟಿ ಮರ ಕಣವ್ವ!"

"ಗಟ್ಟಿಯೇನೋ ಐತೆ ಅಣ್ಣ, ಆದ್ರೆ..."

"ನೀನು ಹುಳ ನೋಡ್ಕೋ ಹೋಗವ್ವ. ಇದು ನನ್ನ ಡಿಪಾರ್ಟ್‌ಮೆಂಟು!"

ಮನೆಯ ಅಳಿಯನಿಗೆ ಎದುರಾಡುವ ಪದ್ಧತಿ ಇಲ್ಲ. ನಾನು ಕೊಂಬೆಗೆ ಹಗ್ಗ ಹಾಕಿ ಬಲವಾಗಿ ಎಳೆದೆ. ಮೇಲೆ ಎಲೆಗಳನ್ನು ಸೇರಿಸಿ ಹೊಲಿದಂಥ ಒಂದು ಉಂಡೆ ಅಲ್ಲಾಡಿತು. ಎರಡನೇ ಸಲ ಎಳೆದೆ. ಉಂಡೆ ಬಿರಿಯಿತು. ಕೆಂಜಿಗ! ಕೆಂಪಿರುವೆಯ ಇಡೀ ಊರೇ ನನ್ನ ಅಂಗಿಯೊಳಗೆ ಗೃಹಪ್ರವೇಶ ಮಾಡಿತು!

ನಾನು ಮರ ಹೇಗೆ ಇಳಿದೆನೋ ಗೊತ್ತಿಲ್ಲ. ಇಳಿದ ಮೇಲೆ ಅಂಗಿ ಎಲ್ಲಿ ಹೋಯಿತೋ ಅದೂ ಗೊತ್ತಿಲ್ಲ. ಆದರೆ ನಿಜವಾದ ಆಘಾತ ಅದಲ್ಲ. ಉಳಿದ ಇರುವೆಗಳು ನಾನು ಕಟ್ಟಿದ ಹಗ್ಗದ ಮೇಲೆ ಶಿಸ್ತಾಗಿ ಸಾಲುಗಟ್ಟಿ ಟಾರ್ಪಾಲಿನ ಕಡೆಗೆ ಹೊರಟಿದ್ದವು. ಅದರ ಕೆಳಗೆ ಆಗಲೇ ಐದಾರು ಚಂದ್ರಿಕೆ ತಂದು ನಿಲ್ಲಿಸಿದ್ದರು. ಹುಳಕ್ಕೆ ಕೆಂಜಿಗಕ್ಕಿಂತ ದೊಡ್ಡ ಶತ್ರು ಇಲ್ಲ. ಶತ್ರುವಿಗೆ ನಾನೇ ಸೇತುವೆ ಕಟ್ಟಿಕೊಟ್ಟಿದ್ದೆ!

ಸಾವಿತ್ರಿ ಒಳಗೆ ಓಡಿದಳು. ಕುಡುಗೋಲು ತಂದು ಹಗ್ಗವನ್ನು ಒಂದೇ ಏಟಿಗೆ ಕತ್ತರಿಸಿದಳು. ಪುಟ್ಟರಾಜು ನಾಲ್ಕನೇ ಮೂಲೆಗೆ ಒಂದು ಬಿದಿರಿನ ಗಳ ಹೂತ. "ಹಿಂದಿನ ಚಪ್ಪರ ಮುಂದೆ ಒಸಿ ಎತ್ರ, ಹಿಂದೆ ಒಸಿ ತಗ್ಗು ಇತ್ತು ಭಾವ" ಎಂದ.

"ಅದಕ್ಕೇ ಅದು ಬಿದ್ದಿದ್ದು!" ಎಂದೆ.

ಮೈಯೆಲ್ಲ ಊದಿದ್ದರೂ ನನ್ನ ಉತ್ಸಾಹ ಇಳಿದಿರಲಿಲ್ಲ. ಸ್ಕೂಟರಿನ ಡಿಕ್ಕಿಯಿಂದ ರಸಮಟ್ಟ ತೆಗೆದೆ. ಗಾರೆ ಕೆಲಸದವರು ಗೋಡೆಯ ಮಟ್ಟ ನೋಡಲು ಇಟ್ಟುಕೊಳ್ಳುವ, ಒಳಗೆ ಗಾಳಿಗುಳ್ಳೆ ಓಡಾಡುವ ಪಟ್ಟಿ ಅದು. ಮೂರು ಕಂಬ, ಒಂದು ಗಳ, ನಾಲ್ಕಕ್ಕೂ ಅಡ್ಡಗಳ ಕಟ್ಟಿಸಿ, ಒಂದೊಂದಕ್ಕೂ ರಸಮಟ್ಟ ಹಿಡಿದು, ಗುಳ್ಳೆ ಸರಿಯಾಗಿ ನಡುವೆ ನಿಲ್ಲುವವರೆಗೂ ಯಾರನ್ನೂ ಬಿಡಲಿಲ್ಲ. ಒಂದು ಗಂಟೆಯ ನಂತರ ಟಾರ್ಪಾಲು ಕೇರಂ ಬೋರ್ಡಿನಷ್ಟು ಮಟ್ಟಸವಾಗಿ ನಿಂತಿತು.

"ಹೆಂಗೈತೆ?" ಎಂದೆ.

ಎಲ್ಲರೂ ಮೇಲೆ ನೋಡಿದರು. ನಂತರ ಒಬ್ಬರ ಮುಖ ಒಬ್ಬರು ನೋಡಿದರು. "ಅಣ್ಣ ಕಟ್ಟಿದ್ಮೇಲೆ ಕೇಳೋದೇನೈತೆ" ಎಂದಳು ಸಾವಿತ್ರಿ. ಹೊಗಳಿಕೆ ಎಂದೇ ತಿಳಿದುಕೊಂಡೆ.

ಟಾರ್ಪಾಲು ಬೇಕಾದ್ದಕ್ಕಿಂತ ಎರಡು ಪಟ್ಟಿತ್ತು. ಮಿಕ್ಕಿದ್ದನ್ನು ವ್ಯರ್ಥ ಮಾಡಬಾರದೆಂದು ಮೂರು ಕಡೆ ಗೋಡೆಯಂತೆ ಇಳಿಬಿಟ್ಟು ಕಲ್ಲು ಹೇರಿದೆ. "ಹುಳಕ್ಕೆ ಒಸಿ ಗಾಳಿ ಬೇಕಿತ್ತು ಅಣ್ಣ" ಎಂದಳು. "ಗಾಳಿಗೆ ಜಾಗ ಬಿಟ್ರೆ ಎರಚಲೂ ಬತ್ತದೆ ಕಣವ್ವ" ಎಂದೆ. ಒಳಗೆ ಹೋಗಿ ನೋಡಿದೆ. ಒಂದೇ ನಿಮಿಷಕ್ಕೆ ನನ್ನ ಬನಿಯನ್ನು ಬೆನ್ನಿಗೆ ಅಂಟಿಕೊಂಡಿತು. ಬೆಚ್ಚಗಿದೆ, ಒಳ್ಳೆಯದೇ ಆಯಿತು ಎಂದುಕೊಂಡು ಹೊರಗೆ ಬಂದೆ.

ಅಷ್ಟರಲ್ಲಿ ಅತ್ತೆ ಊಟಕ್ಕೆ ಕರೆದರು. ನಾಟಿಕೋಳಿ ಸಾರು, ಎರಡು ಮುದ್ದೆ. ಮೂರನೆಯದನ್ನು ಅತ್ತೆ ಬಲವಂತವಾಗಿ ಹಾಕಿದರು. "ಬೆಳಿಗ್ಗೆಯಿಂದ ಒದ್ದಾಡಿದ್ದೀರ, ಒಸಿ ಒರಗಿಕೊಳ್ಳಿ ಅಳಿಯಂದ್ರೆ" ಎಂದು ಒಳಮನೆಯಲ್ಲಿ ಮಂಚ ಹಾಸಿ, ಫ್ಯಾನು ಹಾಕಿ, ಬಾಗಿಲನ್ನೂ ಎಳೆದುಕೊಂಡು ಹೋದರು. ಅಳಿಯನಿಗೆ ಬಿಸಿಲು ತಾಕದಿರಲಿ ಎಂದು ಬಾಗಿಲು ಮುಚ್ಚುವ ಅತ್ತೆ ಯಾರಿಗೆ ಸಿಗುತ್ತಾರೆ?

ಎದ್ದಾಗ ಮೂರೂವರೆ. ಅಂಗಳಕ್ಕೆ ಬಂದರೆ ನನ್ನ ಟಾರ್ಪಾಲಿನ ಕೆಳಗೆ ಚಂದ್ರಿಕೆಗಳು ಬೆನ್ನು ತೋರಿಸಿ ಸಾಲಾಗಿ ನಿಂತಿದ್ದವು. ಎಣಿಸಲು ಹತ್ತಿರ ಹೋಗುತ್ತಿದ್ದಂತೆ ಸಾವಿತ್ರಿ ಎಲ್ಲಿಂದಲೋ ಓಡಿಬಂದಳು.

"ಬ್ಯಾಡಿ ಅಣ್ಣ! ಗೂಡು ಕಟ್ಟೋವಾಗ ಉಸಿರು ತಾಕಬಾರ್ದು!"

ಶಾಸ್ತ್ರ ಎಂದರೆ ಶಾಸ್ತ್ರ. ದೂರದಿಂದಲೇ ಕಣ್ತುಂಬಿಕೊಂಡು ಜಗುಲಿಗೆ ಬಂದು ಕೂತೆ. ಈ ಸಲ ಸಾವಿತ್ರಿ ಗಾರ್ಮೆಂಟ್ಸ್ ಬಸ್ ಹತ್ತುವುದಿಲ್ಲ, ಅದಕ್ಕೆ ಕಾರಣ ನಾನು ಎಂಬ ಹೆಮ್ಮೆಯಲ್ಲಿ ಕಾಫಿ ಕುಡಿದೆ.

ಕಾಫಿ ಮುಗಿಯುವಷ್ಟರಲ್ಲಿ ಗುಡುಗಿತು. ಮುಂಗಾರಿಗೆ ಮುಂಚಿನ ಮಳೆಗೆ ಹೇಳಿಕೇಳಿ ಬರುವ ಅಭ್ಯಾಸವಿಲ್ಲ. ಗಾಳಿ, ಧೂಳು, ಅದರ ಹಿಂದೆಯೇ ಕಲ್ಲು ಸುರಿದಂತೆ ಮಳೆ! ನಾನು ಮಾತ್ರ ಹಾಯಾಗಿ ಕೂತಿದ್ದೆ. "ಸುರೀಲಿ, ಎಷ್ಟು ಸುರೀತದೋ ಸುರೀಲಿ!" ಎಂದು ಆಕಾಶಕ್ಕೆ ಅಪ್ಪಣೆ ಕೊಟ್ಟೆ.

ಐದು ನಿಮಿಷದ ನಂತರ ಟಾರ್ಪಾಲಿನ ನಡುಭಾಗ ಸ್ವಲ್ಪ ಕೆಳಗೆ ಬಂದಂತೆ ಕಂಡಿತು. ಹತ್ತು ನಿಮಿಷಕ್ಕೆ ಅದು ಎಮ್ಮೆ ಹೊಟ್ಟೆಯಷ್ಟಾಯಿತು. ಆಗ ನನಗೆ ಹೊಳೆಯಿತು. ಮಟ್ಟಸವಾಗಿ ಕಟ್ಟಿದ ಟಾರ್ಪಾಲಿನ ಮೇಲಿಂದ ನೀರು ಎಲ್ಲಿಗೆ ಹೋಗಬೇಕು? ಮೂರನೇ ಕ್ಲಾಸಿನ ಮಗುವಿಗೂ ಗೊತ್ತಿರುವ ವಿಷಯ. ಹದಿನೆಂಟು ವರ್ಷದ ಅನುಭವಿಗೆ ಗೊತ್ತಾಗಲಿಲ್ಲ! ನಾನು ಕಟ್ಟಿದ್ದು ಚಪ್ಪರವಲ್ಲ, ಕೃಷಿಹೊಂಡ! ಅದೂ ಸಾವಿತ್ರಿಯ ಬೆಳೆಯ ನೆತ್ತಿಯ ಮೇಲೆ!

ಬರಿಗಾಲಲ್ಲಿ ಓಡಿದೆ. ಗಳ ತೆಗೆದುಕೊಂಡು ಹೊಟ್ಟೆಯನ್ನು ಕೆಳಗಿನಿಂದ ಮೇಲೆ ತಿವಿದೆ. ನೀರು ದಡಬಡನೆ ಸರಿದು ಆ ಮೂಲೆಗೆ ಹೋಗಿ ಅಲ್ಲಿ ಇನ್ನೊಂದು ಎಮ್ಮೆಯಾಯಿತು. ಅದನ್ನು ತಿವಿದರೆ ಈ ಮೂಲೆಗೆ ಬಂತು. ಮೂರನೇ ಸಲ ಸ್ವಲ್ಪ ಜೋರಾಗಿ ತಿವಿದೆ. ಗಳದ ತುದಿ ಟಾರ್ಪಾಲಿನಿಂದ ಆಚೆ ಬಂದು ಆಕಾಶ ನೋಡಿತು! ‘ಹರಿಯುವುದೇ ಇಲ್ಲ ಸ್ವಾಮಿ’ ಎಂದು ನಾನು ಎಷ್ಟು ಜನರಿಗೆ ಆಣೆ ಇಟ್ಟು ಮಾರಿದ್ದೆನೋ, ಅವರೆಲ್ಲರ ಮುಖಗಳು ಒಮ್ಮೆಲೇ ಕಣ್ಣ ಮುಂದೆ ಬಂದವು.

ತೂತಿಗೆ ಒಂದು ಅಂಗೈ ಒತ್ತಿದೆ. ಇನ್ನೊಂದು ಕೈಯಿಂದ ಟಾರ್ಪಾಲು ಎತ್ತಿ ಹಿಡಿದೆ. ಸಾಲದೆ ತಲೆಯನ್ನೂ ಕೊಟ್ಟೆ. ಅಷ್ಟರಲ್ಲಿ ಪುಟ್ಟರಾಜು ಹೂತಿದ್ದ ಗಳ ವಾಲಿತು. ಅದಕ್ಕೆ ಒಂದು ಕಾಲು ಒತ್ತಿದೆ. ಒಂದೇ ಕಾಲ ಮೇಲೆ, ಒಂದು ಕೊಳದಷ್ಟು ನೀರನ್ನು ಹೊತ್ತು ನಿಂತೆ.

ಜಗುಲಿಯಿಂದ ಅತ್ತೆ ಕೂಗಿದರು. "ಅಳಿಯಂದ್ರೆ! ಬುಟ್ಬುಡಿ, ಬನ್ನಿ ಈಚೆ!"

"ಇಲ್ಲಾ ಅತ್ತೆ!"

"ಭಾವ, ಬುಡಿ ಭಾವ! ಬಿದ್ರೆ ಬೀಳ್ಲಿ!" ಪುಟ್ಟರಾಜು ಕೂಗಿದ.

ಬಿದ್ದರೆ ಬೀಳಲಿ ಎನ್ನುತ್ತಾನಲ್ಲ! ಹೆಂಡತಿ ಇಪ್ಪತ್ತೈದು ದಿನ ನಿದ್ದೆಗೆಟ್ಟು ಸಾಕಿದ ಹುಳದ ಬಗ್ಗೆ ಇವನಿಗೆ ಇಷ್ಟೇನೇ ಕರುಣೆ? ನನಗೆ ಕೋಪವೂ ಅಳುವೂ ಒಟ್ಟಿಗೆ ಬಂದವು.

"ನನ್ನ ಪ್ರಾಣ ಹೋದ್ರೂ ಸಾವಿತ್ರಿ ಹುಳಕ್ಕೆ ಒಂದು ಹನಿ ತಾಕಿಸಲ್ಲ ಕಣೋ!" ಎಂದು ಗುಡುಗಿಗಿಂತ ಜೋರಾಗಿ ಕೂಗಿದೆ. ನಿಜವಾಗಿಯೂ ಹಾಗೇ ಅನ್ನಿಸಿತ್ತು. ಕತ್ತು ಮುರಿಯುತ್ತಿತ್ತು, ತೋಳಿನಿಂದ ಇಳಿದ ನೀರು ಪ್ಯಾಂಟಿನೊಳಗೆ ಹರಿದು ಕಾಲಿನಿಂದ ಆಚೆ ಹೋಗುತ್ತಿತ್ತು. ಬಿಡಲಿಲ್ಲ.

ಕೊನೆಗೆ ಜಯ ಕೊಡೆ ಹಿಡಿದು ನಿಧಾನವಾಗಿ ನಡೆದು ಬಂದಳು. ನನ್ನ ಮುಂದೆ ನಿಂತು, ಮಗುವಿಗೆ ಹೇಳುವಂತೆ ಹೇಳಿದಳು.

"ರೀ. ಬಿಡಿ ರೀ. ಅದರಲ್ಲಿ ಹುಳ ಇಲ್ಲ."

"ಏನು?"

"ಖಾಲಿ ಚಂದ್ರಿಕೆ ರೀ ಅವು. ನೀವು ಮಲಗಿದ್ದಾಗ ಬದಲಾಯಿಸಿದ್ವಿ."

ನಾನು ಕತ್ತು ತಿರುಗಿಸಿ ನೋಡಿದೆ. ಬೆನ್ನು ತೋರಿಸಿ ನಿಂತಿದ್ದ ಚಂದ್ರಿಕೆಯೊಂದು ಗಾಳಿಗೆ ಮಗುಚಿತ್ತು. ಹುಳವಿಲ್ಲ, ಗೂಡಿಲ್ಲ, ಬರೀ ಬಿದಿರು! ಆಘಾತಕ್ಕೆ ನನ್ನ ಕೈ ತಾನಾಗಿ ಸಡಿಲವಾಯಿತು. ಅದೇ ತಪ್ಪಾಯಿತು. ಅರ್ಧ ಗಂಟೆಯಿಂದ ಹೊತ್ತಿದ್ದ ಅಷ್ಟೂ ನೀರು, ಟಾರ್ಪಾಲು, ಗಳ, ಎಲ್ಲವೂ ಏಕಕಾಲದಲ್ಲಿ ನನ್ನ ಮೇಲೆ ಬಿದ್ದವು. ಜಯ ಮಾತ್ರ ಕೊಡೆಯ ಸಮೇತ ಎರಡು ಹೆಜ್ಜೆ ಹಿಂದೆ ಸರಿದಿದ್ದಳು. ಅವಳಿಗೆ ನನ್ನ ಜೊತೆ ಸಂಸಾರ ಮಾಡಿದ ಅನುಭವವಿದೆ.

ಟಾರ್ಪಾಲಿನಿಂದ ನನ್ನನ್ನು ಬಿಡಿಸಿದ ಮೇಲೆ ಹಿತ್ತಿಲಿಗೆ ಕರೆದುಕೊಂಡು ಹೋದರು. ದನದ ಕೊಟ್ಟಿಗೆಯ ಪಕ್ಕ, ಮೇಲಿನ ತುದಿ ಗೋಡೆಗೆ, ಕೆಳಗಿನ ತುದಿ ಬೇಲಿಯ ಗೂಟಕ್ಕೆ ಕಟ್ಟಿ, ಚೆನ್ನಾಗಿ ಇಳಿಜಾರು ಕೊಟ್ಟು ಒಂದು ಹೊದಿಕೆ ಎಳೆದಿದ್ದರು. ಮಳೆನೀರು ಅದರ ಮೇಲಿಂದ ಜಾರಿ ಸೀದಾ ಚರಂಡಿಗೆ ಹೋಗುತ್ತಿತ್ತು. ಪಕ್ಕದಿಂದ ತಂಪಾಗಿ ಗಾಳಿ ಆಡುತ್ತಿತ್ತು. ಕೆಳಗೆ ಒಣಗಿದ ನೆಲದ ಮೇಲೆ ಚಂದ್ರಿಕೆಗಳ ಸಾಲು, ಅದರ ತುಂಬ ಹುಳ, ಆಗಲೇ ಎಳೆ ಬಿಡಲು ಶುರು ಮಾಡಿದ್ದವು. ನಾನು ಬಗ್ಗಿ ಒಳಗೆ ಹೋಗಿ ತಲೆ ಎತ್ತಿದೆ.

ಮೇಲಿನಿಂದ ನಾನೇ ನೋಡುತ್ತಿದ್ದೆ! ಬಿಳಿ ಅಂಗಿ, ಮುಗಿದ ಕೈ, ಮೂವತ್ತೆರಡು ಹಲ್ಲು. ‘ಬಿಸಿಲಿಗೂ ನಾವೇ! ಮಳೆಗೂ ನಾವೇ!’

ಸಾವಿತ್ರಿಯ ಕಣ್ಣಲ್ಲಿ ನೀರಿತ್ತು. "ತಪ್ಪು ತಿಳ್ಕೋಬೇಡಿ ಅಣ್ಣ. ಅಷ್ಟು ದೂರದಿಂದ ಹೊತ್ಕೊಂಡು ಬಂದಿದ್ರಿ. ಬ್ಯಾಡ ಅಂದ್ರೆ ನೊಂದ್ಕೊತೀರಿ ಅಂತ..."

ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಜೀವ ತಣ್ಣಗಾಯಿತು, ಹುಳ ಉಳಿದಿತ್ತಲ್ಲ. ಕೈಯಲ್ಲಿ ಸಾವಿರ ಕೆಲಸವಿದ್ದಾಗ, ನನ್ನ ಮನಸ್ಸು ನೋಯದಿರಲೆಂದು ಆ ಹೆಣ್ಣುಮಗಳು ಖಾಲಿ ತಟ್ಟಿಗಳನ್ನು ಜೋಡಿಸಿ ನಿಲ್ಲಿಸಿದ್ದಳು. ಉಸಿರು ತಾಕಬಾರದೆಂಬ ಶಾಸ್ತ್ರವನ್ನೂ ಆ ಕ್ಷಣದಲ್ಲೇ ಹುಟ್ಟಿಸಿದ್ದಳು.

ಆಗ ತಲೆಯಲ್ಲಿ ಇನ್ನೊಂದು ಅನುಮಾನ ಮಿಂಚಿತು. ಜಯಳ ಕಡೆ ತಿರುಗಿದೆ.

"ಹೋದ ವರ್ಷ ನಾನು ಬೋರ್ ಪೈಪ್ ಜೋಡಿಸಿ ಕೊಟ್ಟೆನಲ್ಲ?"

ಜಯ ಕೊಡೆ ಮಡಿಸಿದಳು. "ನಿಮ್ಮ ಸ್ಕೂಟರ್ ತಿರುವು ದಾಟಿದ ಮೇಲೆ ಬಿಚ್ಚಿದ್ರು."

"ಹಟ್ಟಿ ಗೇಟು?"

"ಅದು ಅವತ್ತೇ ಸಂಜೆ."

"ಅತ್ತೆಯ ಮಂಚ?"

ಅತ್ತೆ ಎಮ್ಮೆಗೆ ಹುಲ್ಲು ಹಾಕಲು ಅವಸರವಾಗಿ ಕೊಟ್ಟಿಗೆಗೆ ಹೋದರು. ಮೈಮೇಲೆ ಬಿದ್ದ ನೀರಿಗಿಂತ ಇದು ಜೋರಾಗಿತ್ತು. ಇಷ್ಟು ವರ್ಷ ನಾನು ಆ ಮನೆಗೆ ಮಾಡಿದ ಸಹಾಯವೆಲ್ಲ ಆ ಖಾಲಿ ಚಂದ್ರಿಕೆಯೇ!

ಐದಾರು ದಿನಕ್ಕೆ ಪುಟ್ಟರಾಜು ವಾಟ್ಸಾಪಿನಲ್ಲಿ ಎರಡು ಫೋಟೋ ಕಳಿಸಿದ. ಮೊದಲನೆಯದರಲ್ಲಿ ಸಾವಿತ್ರಿ ಗೂಡಿನ ರಾಶಿಯ ಪಕ್ಕ ಕೂತು ನಗುತ್ತಿದ್ದಳು. ಗಟ್ಟಿ ಗೂಡು, ಒಳ್ಳೆ ಬೆಳೆ. ಆ ನಗು ನೋಡಿ ನನ್ನ ಕೆಂಜಿಗದ ಉರಿಯೆಲ್ಲ ಮಾಯವಾಯಿತು. ಎರಡನೆಯದು ಫ್ಲೆಕ್ಸಿನದು. ದಾರಿ ತಪ್ಪಿದ ಒಂದು ಹುಳ ಚಂದ್ರಿಕೆ ಬಿಟ್ಟು ಗೋಡೆ ಹತ್ತಿ ಹೋಗಿ, ಸರಿಯಾಗಿ ನನ್ನ ಮೂಗಿನ ಮೇಲೆ ಗೂಡು ಕಟ್ಟಿತ್ತು! ಕೆಳಗೆ ‘ಇದು ನಿಮ್ಮ ಪಾಲು ಭಾವ’ ಎಂದು ಬರೆದಿದ್ದ.

ಮುಂದಿನ ಬೆಳೆಯ ಹೊತ್ತಿಗೆ ಮತ್ತೆ ಫೋನ್ ಬಂತು. ನಾನು ಬಹಳ ವಿನಯದಿಂದ, "ಟಾರ್ಪಾಲು ಬಸ್ಸಿಗೆ ಹಾಕ್ತೀನಿ, ನಾನು ಬರಲ್ಲ" ಎಂದೆ.

"ಟಾರ್ಪಾಲು ಬ್ಯಾಡ ಭಾವ. ಈ ಸಲ ಹುಳ ಒಸಿ ಜಾಸ್ತಿ ಐತೆ. ನಿಮ್ಮ ಮುಖ ಇನ್ನೊಂದು ಇದ್ರೆ ಕಳ್ಸಿ."

ಅವತ್ತೇ ಫ್ಲೆಕ್ಸ್ ಅಂಗಡಿಗೆ ಹೋದೆ. ಹಳೆಯ ಫೋಟೋವನ್ನೇ ತೆಗೆದು ಕೊಟ್ಟೆ. ಅವನು ಕಂಪ್ಯೂಟರಿನಲ್ಲಿ ನನ್ನ ಹಲ್ಲುಗಳನ್ನು ಒಂದಿಷ್ಟು ಬೆಳ್ಳಗೆ ಮಾಡುತ್ತಾ ಕೇಳಿದ.

"ಕೆಳಗೆ ಅದೇ ಹಾಕ್ಲಾ ಸಾರ್? ಬಿಸಿಲಿಗೂ ನಾವೇ, ಮಳೆಗೂ ನಾವೇ?"

"ಬೇಡಪ್ಪ, ಮುಖ ಸಾಕು."

"ಎಲ್ಲಿ ಕಟ್ತೀರಾ? ಸರ್ಕಲ್ಲಲ್ಲಾ?"

"ಹಿತ್ತಿಲಲ್ಲಿ, ದನದ ಕೊಟ್ಟಿಗೆ ಪಕ್ಕ" ಎಂದೆ. "ನಾನು ಕಟ್ಟಲ್ಲ, ಅವರು ಕಟ್ಕೊತಾರೆ. ಒಸಿ ಇಳಿಜಾರಾಗಿ."